ಹೂವಿನ ತೋಟಕ್ಕೊಂದು ಸಂಘ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರು ಹೂವಿನ ಮಾತನ್ನಾಡುತ್ತಾರೆ, ನೂಕುನುಗ್ಗಲಿನ ಮಾತನ್ನಂತೂ ಆಡಿಯೇ ಆಡುತ್ತಾರೆ. ಅದನ್ನು ನಡೆಸುವವರ ಮಾತು ಬರುವುದು ಅಪರೂಪ. ವರ್ಷಕ್ಕೆರಡು ಬಾರಿ, ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ, ತೋಟಗಾರಿಕೆ ಇಲಾಖೆಗೆ ಹೆಗಲು ಕೊಟ್ಟು ದುಡಿಯುವ ಸಂಸ್ಥೆಯೊಂದಿದೆ. ಮೈಸೂರು ಉದ್ಯಾನ ಕಲಾ ಸಂಘವೆಂದು ಅದರ ಹೆಸರು. ಅದು ಹುಟ್ಟಿದ್ದು 1912ರಲ್ಲಿ. ಆದರೆ ಈ ತೋಟವನ್ನು ಒಂದು ಸಂಘ ಕೈಗೆತ್ತಿಕೊಂಡದ್ದು ಅದೇ ಮೊದಲಲ್ಲ. ಮೊದಲನೆಯದರ ಕಥೆ ಅಷ್ಟು ಸುಖಕರವಾದುದೂ ಅಲ್ಲ.

1760ರಲ್ಲಿ ಹೈದರಾಲಿ ಹಾಕಿಸಿದ ತೋಟವನ್ನು ಟಿಪ್ಪು ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದ. ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಕೈಯಿಂದ ಕೈಗೆ ಸಾಗಿತು. 1836ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಅದರ ಉಸ್ತುವಾರಿ ವಹಿಸಿಕೊಂಡಿತು. ಸಂಘದ ಕಾರ್ಯದರ್ಶಿ ವಿಲಿಯಂ ಮನ್ರೋ ಎಂಬ ಸೈನ್ಯಾಧಿಕಾರಿ. ಸಸ್ಯಶಾಸ್ತ್ರದಲ್ಲಿ, ಅದರಲ್ಲಿಯೂ ಹುಲ್ಲಿನ ಜಾತಿಗಳಲ್ಲಿ, ಮುಂದೆ ಹೆಸರು ಮಾಡಿದವನು. ಇಷ್ಟಿದ್ದೂ 1842ರಲ್ಲಿ ಸಂಘ ಮುಚ್ಚಿತು. ದಂಡಿನಲ್ಲಿದ್ದವರ ಹವ್ಯಾಸ ವರ್ಗಾವಣೆಯ ಆಜ್ಞೆಯೊಡನೆ ಊರು ಬಿಡುವುದು ಸಹಜವೇ. ಊರಿನವರಿಗೆ ಆ ಸಂಘದಲ್ಲಿ ಪಾಲಿರಲಿಲ್ಲವೆಂಬುದೇ ಅದು ಉಳಿಯದಿದ್ದುದಕ್ಕೆ ಕಾರಣವೆಂದು ನನ್ನ ಊಹೆ. ಡಾಕ್ಟರ್ ಕ್ಲೆಗಾರ್ನ್ ಮೊದಲಾದವರ ಸಲಹೆಯಂತೆ 1856ರಲ್ಲಿ ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾಗುವವರೆಗೆ, ಹದಿನಾಲ್ಕು ವರ್ಷ, ಅದಕ್ಕೆ ಗಟ್ಟಿಯಾದ ಆಸರೆಯೆಂಬುದಿರಲಿಲ್ಲ.

ಅನಂತರ ಬಂದವರಲ್ಲಿ ಜಾನ್ ಕ್ಯಾಮರಾನ್ ದೊಡ್ಡವನು. 1889ರ ನವೆಂಬರ್ 30ರಂದು ಗಾಜಿನ ಮನೆಗೆ ಅಸ್ತಿಭಾರ ಬಿದ್ದದ್ದು ಅವನ ಕಾಲದಲ್ಲಿಯೇ. ಅದಕ್ಕಿಂತಲೂ ಹೆಚ್ಚಾಗಿ ನಮ್ಮ ಅಡಿಗೆಯ ಮನೆಯನ್ನು ಹೊಕ್ಕದ್ದು ಅವನು ತಂದು ಬೆಳೆಸಿದ ಸೀಮೆಬದನೆ. ಈ ‘ಸೀಮೆ’ ಎಂಬ ಮಾತು ಸ್ವಾರಸ್ಯವಾದುದು: ಸೀಮೆಎಣ್ಣೆ, ಸೀಮೆಸುಣ್ಣದ ಸಾಲಿಗೇ ಈ ಕಾಯನ್ನೂ ಸೇರಿಸಿದ ಕನ್ನಡಿಗ, ಅದು ಹೊರಗಿನದೆಂಬುದನ್ನು ಮರೆಯದೆಯೇ ಹುಳಿಗೆ ಹಾಕಿ ತನ್ನದಾಗಿಸಿಕೊಂಡ. ತಮಿಳರಿಗೋ ಅದು ಬೆಂಗಳೂರಿನ ಬದನೆ!

1908ರಲ್ಲಿ ಬರೋಡೆಯಿಂದ ಬಂದ ಜರ್ಮನಿಯ ಕ್ರುಂಬಿಗಲ್ಲರು ಕ್ಯೂ ಉದ್ಯಾನದಲ್ಲಿ ಪಳಗಿದವರು. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೊಂದು ಬೀದಿ ಬಣ್ಣಗೊಂಡಿರಬೇಕು ಎಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದರು. ಯುದ್ಧಕಾಲದಲ್ಲಿ ಶತ್ರುದೇಶದವರೆಂದು ಬಂಧನವನ್ನೂ ಕಂಡರು. ಆದರೂ ಈ ನಾಡನ್ನು ತೊರೆಯದೆ 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಉದ್ಯಾನ ಕಲಾ ಸಂಘ ಅವರ ಕಾಲದ ಫಲ. ಹಿಂದಿನ ಸಂಘ ತೋಟವನ್ನೇ ವಹಿಸಿಕೊಂಡಿತ್ತು. ತೋಟದ ಆಡಳಿತ ಸರ್ಕಾರದಲ್ಲಿಯೇ ಉಳಿದುದರಿಂದ, ಇದು ಊರಿನ ಅಂಗಳಗಳ ಕಡೆಗೆ ತಿರುಗಿತು. ಪ್ರದರ್ಶನಕ್ಕೆ ಮುಂಚೆ ಮನೆಯ ಮುಂದಿನ ಹೂದೋಟಕ್ಕೆ, ಕಛೇರಿ ಕಾರ್ಖಾನೆಗಳ ತೋಟಕ್ಕೆ ಸ್ಪರ್ಧೆ, ಗೆದ್ದವರಿಗೆ ಬಹುಮಾನ. ಬಹುಮಾನವೆಂದರೆ ಸಣ್ಣ ಆಸೆ ನಿಜ, ಆದರೆ ಆ ಆಸೆಯಿಂದಲೇ ಎಷ್ಟು ಹಿತ್ತಲುಗಳು ಹಸಿರಾಗಿದ್ದವೋ! ಇಲಾಖೆಯ ಮಾಲಿ ಮರ ಕಾಯಬಲ್ಲ. ಹಿತ್ತಲನ್ನು ಮನೆಯವರೇ ಕಾಯಬೇಕು.

ಈಗ ಹಿತ್ತಲುಗಳೇ ಇಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಅವರ ತಂದೆಯ ಕಾಲದ ಹೆಂಚಿನ ಮನೆಯ ಮುಂದೆ ಡೇಲಿಯಾ ಹೂಗಳು ತಟ್ಟೆಯಗಲ ಅರಳುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಬೇಲಿಗೆ ಆತುಕೊಂಡು ನೋಡಿದ್ದೇನೆ. ಮೂರು ವರ್ಷದ ಹಿಂದೆ ಅಣ್ಣತಮ್ಮಂದಿರ ಪಾಲಾಗಿ ಮನೆ ಬಿತ್ತು, ನಾಲ್ಕು ಮಹಡಿಯ ಕಟ್ಟಡವೆದ್ದಿತು. ಕುಂಡಗಳನ್ನು ಅವರು ಒಂದೊಂದಾಗಿ ತಾರಸಿಗೆ ಹೊತ್ತರು. ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ನನ್ನನ್ನು ಮೇಲೆ ಕರೆದೊಯ್ದು, ಮೊಗ್ಗು ಕಟ್ಟಿದ ಗಿಡಗಳನ್ನು ತೋರಿಸಿ, “ಏನು ಮೇಷ್ಟ್ರೇ, ನಮ್ಮ ಲಿಫ್ಟು ಕೆಟ್ಟಿದೆ. ತೀರ್ಪುಗಾರರು ಇಷ್ಟು ಮೆಟ್ಟಿಲು ಹತ್ತಿ ಬಂದಾರೆಯೇ?” ಎಂದು ಕೇಳಿದರು.