ಗಂಜಿ ಡಬರಿಯಿಂದ ಜಾಬ್ ಕಾರ್ಡಿನ ತನಕ

ಬಂಗಾಳ ಕೊಲ್ಲಿಯಲ್ಲಿ ತುಫಾನು ಎದ್ದಿದೆ ಅಂತ ರೇಡಿಯೋದಲ್ಲಿ ಹೇಳಿದರೆ ನೆಲ್ಲೂರು, ಮಚಲಿಪಟ್ಟಣದ ಕಡೆಯವರು ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಡುತ್ತಾರೆ. ಡಿ. ಹಿರೇಹಾಳಿನ ನಾವು ಅದೇ ಸುದ್ದಿ ಕೇಳಿ ಮುಗಿಲ ಕಡೆ ನೋಡುತ್ತೇವೆ. ಅಲ್ಲಿ ಮನೆ ಬೀಳಿಸುವ ಗಾಳಿ ಇಲ್ಲಿಗೆ ಬರುವ ಹೊತ್ತಿಗೆ ಜಿಟಿಜಿಟಿ ಮಳೆಯಾಗಿ ಕಡಲೆ, ಜೋಳಕ್ಕೆ ಒಂದು ಹದ ಕೊಡುತ್ತದೆ. ಕಿತ್ತು ಹಾಕಿದ ಶೇಂಗಾ ಹೊಲದಲ್ಲಿದ್ದರೆ ಮಾತ್ರ ಅದೇ ಮಳೆ ಕಾಯನ್ನೆಲ್ಲ ಮೊಳಕೆ ಮಾಡಿ ಹೋಗುತ್ತದೆ, ಆ ಮಾತು ಬೇರೆ. ಒಟ್ಟಿನಲ್ಲಿ ನಮ್ಮ ಸೀಮೆಯನ್ನು ಹೆಚ್ಚಾಗಿ ಕೆಡಿಸಿದ್ದು ಬಂದ ಮಳೆಯಲ್ಲ, ಬರದ ಮಳೆ.

ಹಂಗಿದ್ದರೂ ಈ ಬರಹ ತುಫಾನಿನಿಂದಲೇ ಸುರುವಾಗಬೇಕು. 1977ನೇ ಇಸವಿ ನವೆಂಬರ್ 19ರಂದು ಕೃಷ್ಣಾ ಜಿಲ್ಲೆಯ ದಿವಿಸೀಮೆಗೆ ಸಮುದ್ರವೇ ಎದ್ದು ಬಂತು. ಹತ್ತು ಸಾವಿರಕ್ಕೂ ಮೇಲೆ ಜನ ಸತ್ತರು. ಎನ್.ಟಿ. ರಾಮರಾವು, ನಾಗೇಶ್ವರರಾವು ಅಂಥ ದೊಡ್ಡ ನಟರೇ ಊರೂರು ತಿರುಗಿ ಜೋಳಿಗೆ ಹಿಡಿದ ಕಾಲ ಅದು. ನಾನಾಗ ಮೀಸೆ ಚಿಗುರುತ್ತಿದ್ದ ಹುಡುಗ. ನಮ್ಮ ಭಜನೆ ಮೇಳದವರೂ ತಾಳ, ದಮ್ಮಡಿ ಹಿಡಕೊಂಡು ಮನೆ ಮನೆ ಮುಂದೆ ಹಾಡಿದೆವು. ನಾಣ್ಯ, ಹಳೇ ಸೀರೆ, ಜೋಳ ಬಂದವು. ಒಬ್ಬ ಮುದುಕಿ, ಮನೆಯಲ್ಲಿ ತಿನ್ನಲಿಕ್ಕೆ ಇದೆಯೋ ಇಲ್ಲವೋ, ಒಂದು ಸೇರು ಜೋಳ ತಂದು ಸುರಿದು, “ನಮಗ ಗಂಜಿ ಹಾಕಿದೋರೂ ನಾವು ಕಂಡೋರಲ್ಲ, ತಗೊಳ್ರಪ್ಪ” ಅಂದಳು.

ನನಗೆ ತಿಳಿಯಲಿಲ್ಲ. ಮನೆಗೆ ಬಂದು ನಮ್ಮವ್ವನ್ನ ಕೇಳಿದೆ, “ಏನವ್ವ ಅದು ಗಂಜಿ?” ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ, “ಯಾರು ಹೇಳಿದ್ರು ನಿನಗ? ಆ ಮಾತೆಲ್ಲ ಊರಾಗ ಕೇಳಬ್ಯಾಡ” ಅಂತ ಗದರಿದಳು. ಆಕೆ ಅದನ್ನ ಬಾಯಿಬಿಟ್ಟು ಹೇಳಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಅದನ್ನ ಆಮೇಲೆ ಬರೀತೀನಿ. ಅದಕ್ಕೂ ಹಿಂದಿನದನ್ನು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷು ಬರೋದಿಲ್ಲ. ಬಳ್ಳಾರಿ ಜಿಲ್ಲೆ ಬಗ್ಗೆ ಫ್ರಾನ್ಸಿಸ್ ಎಂಬ ದೊರೆ 1904ರಲ್ಲಿ ಬರೆದ ಗೆಜೆಟಿಯರನ್ನ ನಮ್ಮ ವಾಚನಾಲಯಕ್ಕೆ ಬರುವ ಮೇಷ್ಟ್ರೊಬ್ಬರು ನನಗೆ ಸಂಜೆ ಹೊತ್ತು ಓದಿ ಹೇಳಿದರು. ಬಳ್ಳಾರಿ ಜಿಲ್ಲೆ ಯಾಕೆ ಅಂತ ಹುಡುಗರು ಕೇಳಬಹುದು. 1953ರ ತನಕ ನಮ್ಮ ರಾಯದುರ್ಗ ತಾಲೂಕು ಬಳ್ಳಾರಿಗೇ ಸೇರಿತ್ತು. ಅದಕ್ಕೂ ಮುಂಚೆ, 1800ರಲ್ಲಿ ನಿಜಾಮ ಈ ಸೀಮೆಯನ್ನೆಲ್ಲ ಕುಂಪಣಿಗೆ ಬಿಟ್ಟುಕೊಟ್ಟ. ಅದಕ್ಕೇ ದತ್ತ ಮಂಡಲ ಅನ್ನುತ್ತಿದ್ದರು. ರಾಯಲಸೀಮೆ ಅನ್ನೋ ಹೆಸರು ಬಂದದ್ದು 1928ರಲ್ಲಿ. ಮೊದಲು ಬಂದ ದೊಡ್ಡ ಕಲೆಕ್ಟರು ಥಾಮಸ್ ಮನ್ರೋ, ಜನ ಬಾಯಲ್ಲಿ ಮನ್ರೋಲಪ್ಪ. ಮಕ್ಕಳಿಗೆ ಆ ಹೆಸರು ಇಟ್ಟವರೂ ಇದ್ದರು.

1851ರ ಮೇ ತಿಂಗಳಲ್ಲಿ ಬಳ್ಳಾರಿ ಜಿಲ್ಲೆ ಮೇಲೆ ಬಿರುಗಾಳಿ ಮಳೆ ಹೊಡೆಯಿತು. ಸಮುದ್ರದಿಂದ ಇಷ್ಟು ದೂರ ಇದ್ದೂ ನಮಗೂ ಒಂದು ತುಫಾನು ಬಂದಿತ್ತು ಅನ್ನಿ. ಹಗರಿ ಉಕ್ಕಿತು, ಕೆರೆಗಳ ಕಟ್ಟೆ ಒಡೆದವು. ಒಕ್ಕಲಿಗನಾಗಿ ನಾನು ಹೇಳೋದು ಏನಂದ್ರೆ, ಕೆರೆ ಒಡೆದ ದಿನದ ನಷ್ಟ ಸಣ್ಣದು. ನೀರು ಹೋಗಿದೆ, ಹೋಗಲಿ. ಏರಿ ಕಟ್ಟದೆ ಬಿಟ್ಟರೆ ಮುಂದಿನ ಮಳೆಯ ನೀರೂ ನಿಲ್ಲೋದಿಲ್ಲ. ಮಳೆ ಕೈಕೊಟ್ಟ ವರ್ಷ ಆಗ ಇದರ ಬಿಸಿ ಗೊತ್ತಾಗುತ್ತದೆ. ಎರಡು ವರ್ಷ ಬಿಟ್ಟು 1853ರಲ್ಲಿ ಮಳೆ ಹೋಯಿತು, 54ರಲ್ಲಿ ಬರ ಬಿತ್ತು, ಜನ ಸರ್ಕಾರದ ರಸ್ತೆ ಕೆಲಸಕ್ಕೆ ಹೋದರು. ಬರ ಬಂದರೆ ಜಲ್ಲಿ ಒಡೆಯೋದು, ರಸ್ತೆ ಹಾಕೋದು ಅನ್ನುವ ಪದ್ಧತಿ ನಮ್ಮ ಕಡೆ ಅಷ್ಟು ಹಳೇದು.

ಎಲ್ಲಕ್ಕಿಂತ ದೊಡ್ಡದು ಧಾತು ಬರ. 1876ರಲ್ಲಿ ಧಾತು ಸಂವತ್ಸರ, ಮಾರನೇ ವರ್ಷ ಈಶ್ವರ. ಎರಡೂ ಸೇರಿಸಿ ಧಾತು ಈಶ್ವರ ಬರ ಅಂತಾರೆ. ನಮ್ಮಜ್ಜಿ ಕಾಲದ ಹೆಂಗಸರು ಬೀಸೋ ಪದದಲ್ಲಿ ಈ ಬರವನ್ನ ಹಾಡುತ್ತಿದ್ದರು, ನಾನೂ ಕೇಳಿದ್ದೇನೆ. ಆ ಪದಗಳಲ್ಲಿ ರಾಜ, ರಾಣಿ, ಸರ್ಕಾರ ಯಾರೂ ಇಲ್ಲ. ಮಗುವನ್ನ ಮಾರಿದ ತಾಯಿ ಇದ್ದಾಳೆ, ಎತ್ತು ಸತ್ತ ಒಕ್ಕಲಿಗ ಇದ್ದಾನೆ.

ಎತ್ತು ಸತ್ತದ್ದು ಬರೀ ದುಃಖದ ಮಾತಲ್ಲ, ಲೆಕ್ಕದ ಮಾತು. ಬಳ್ಳಾರಿಗೆ ರೈಲು ಆಗಲೇ ಬಂದಿತ್ತು, 1871ರಲ್ಲಿ. ಕಾಳು ರೈಲಿನಲ್ಲಿ ಬಂದು ಸ್ಟೇಷನ್ನಿನಲ್ಲಿ ರಾಶಿ ಬಿತ್ತು. ಅಲ್ಲಿಂದ ಹಳ್ಳಿಗೆ ಒಯ್ಯಲಿಕ್ಕೆ ಬಂಡಿ ಕಟ್ಟೋಣವೆಂದರೆ ಎತ್ತೇ ಇಲ್ಲ. ಮೇವು ನೀರಿಲ್ಲದೆ ಮೊದಲು ದನ ಸತ್ತವು, ಆಮೇಲೆ ಜನ. ಕಾಳಿನ ಬೆಲೆ ಕೂಲಿಯವನ ಕೈಗೆ ಸಿಗದಷ್ಟು ಮೇಲೆ ಹೋಗಿತ್ತು.

ಸರ್ಕಾರ ಬರಗಾಲದ ಕೆಲಸ ತೆರೆಯಿತು. ಆಗ ವೈಸ್‌ರಾಯ್ ಲಿಟ್ಟನ್, 1877ರ ಜನವರಿ 1ಕ್ಕೆ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನ ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆಸಿದ್ದ. ಖರ್ಚು ಕಡಿಮೆ ಮಾಡಿಸಲಿಕ್ಕೆ ರಿಚರ್ಡ್ ಟೆಂಪಲ್ ಎಂಬ ದೊರೆಯನ್ನ ಮದ್ರಾಸಿನ ಕಡೆ ಕಳಿಸಿದ. ಟೆಂಪಲ್ ಬಂದು ಗಂಡಾಳಿನ ಕೂಲಿಯನ್ನ ಒಂದು ಪೌಂಡು ಕಾಳಿನ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ ಅಂತ ಇಳಿಸಿದ. ಒಂದು ಪೌಂಡು ಅಂದ್ರೆ ಇವತ್ತಿನ ತೂಕದಲ್ಲಿ 450 ಗ್ರಾಂ. ಹೊತ್ತು ಹುಟ್ಟಿ ಮುಳುಗೋ ತನಕ ಕಲ್ಲು ಒಡೆಯೋನಿಗೆ 450 ಗ್ರಾಂ ಜೋಳ. ಮಕ್ಕಳಿಗೆ, ಹೆಂಗಸರಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯ ಇಲಾಖೆಯ ಡಾಕ್ಟರು ಕಾರ್ನಿಷ್, ಇಷ್ಟರಲ್ಲಿ ಮನುಷ್ಯ ಬದುಕೋದಿಲ್ಲ ಅಂತ ಕಾಗದದ ಮೇಲೆ ಕಾಗದ ಬರೆದು ಜಗಳ ಮಾಡಿದರು. ಅದೇ ವರ್ಷದ ನಡುವೆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಹೋಗುವವರು ಹೋಗಿದ್ದರು.

ಕಡಿಮೆ ಕೊಟ್ಟದ್ದು ದುಡ್ಡಿಲ್ಲ ಅಂತ ಮಾತ್ರ ಅಲ್ಲ. ಕೂಲಿ ಕಡಿಮೆ ಇರಬೇಕು, ಕೆಲಸ ಗಟ್ಟಿ ಇರಬೇಕು, ಊರು ಬಿಟ್ಟು ದೂರದ ಶಿಬಿರಕ್ಕೆ ಬರಬೇಕು. ಹಂಗಿದ್ದರೆ ನಿಜವಾಗಿ ಹಸಿದವನು ಮಾತ್ರ ಬರುತ್ತಾನೆ, ಸೋಮಾರಿ ಬರೋದಿಲ್ಲ ಅನ್ನೋದು ಅವರ ಲೆಕ್ಕ. ಹಸಿವನ್ನ ಪರೀಕ್ಷೆ ಮಾಡೋದು ಅನ್ನಿ. ನಿಜವಾಗಿ ಹಸಿದವನಿಗೆ ಅಷ್ಟು ದೂರ ನಡೆಯಲಿಕ್ಕೆ ಕಾಲಲ್ಲಿ ಶಕ್ತಿ ಎಲ್ಲಿಂದ ಬರಬೇಕು ಅಂತ ಒಬ್ಬರೂ ಕೇಳಲಿಲ್ಲವೇನೋ. ಮೇಷ್ಟ್ರು ಇದನ್ನ ಓದಿದ ಸಂಜೆ ನಾನು ಅನ್ನ ತಿನ್ನದೆ ಮಲಗಿದೆ.

ಆ ಬರದಲ್ಲಿ ದಕ್ಷಿಣ ದೇಶದಲ್ಲಿ, ಮುಂಬೈ ಕಡೆಯದೂ ಸೇರಿ, ಐವತ್ತು ಲಕ್ಷಕ್ಕೂ ಮೇಲೆ ಜನ ಸತ್ತರು ಅಂತ ಲೆಕ್ಕ. 1871ರ ಖಾನೇಷುಮಾರಿಗೂ 1881ರದಕ್ಕೂ ನಡುವೆ, ಅನಂತಪುರವೂ ಸೇರಿದ್ದ ಹಳೇ ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾದರು. ಐದು ಮನೆಯ ಓಣಿಯಲ್ಲಿ ಒಂದು ಮನೆ ಬಾಗಿಲು ಮುಚ್ಚಿತು.

ಸತ್ತವರ ಕಥೆಯನ್ನ ಪದ ಕಟ್ಟಿ ಹಾಡಿದ್ದಾರೆ, ಉಳಿದವರು ಹೆಂಗೆ ಎದ್ದು ನಿಂತರು ಅನ್ನೋದನ್ನ ಯಾರೂ ಹಾಡಿಲ್ಲ. ಮಳೆ ಬಂದ ಮೇಲೂ ಬಿತ್ತಲಿಕ್ಕೆ ಬೀಜ ಇಲ್ಲ, ಹೂಡಲಿಕ್ಕೆ ಎತ್ತಿಲ್ಲ, ಮನೆ ಮೇಲೆ ಹೊದಿಕೆ ಇಲ್ಲ. ಸೊಪ್ಪೆ ಹೊದಿಕೆಯನ್ನೂ ಕಿತ್ತು ದನಕ್ಕೆ ಹಾಕಿಬಿಟ್ಟಿದ್ದರು. ಆಗ ಕೈ ಹಿಡಿದದ್ದು ಲಂಡನ್ನಿನ ಮೇಯರು ಎತ್ತಿಸಿದ ಚಂದಾ ಹಣ. ಅಲ್ಲಿಯ ಜನ ಕೊಟ್ಟ ಆ ದುಡ್ಡು ಮದ್ರಾಸಿಗೆ ಬಂದು, ಅದರಿಂದ ಬೀಜಕ್ಕೆ, ಎತ್ತಿಗೆ, ಮನೆ ಹೊದಿಕೆಗೆ ಅಂತ ರೈತರಿಗೆ ಹಂಚಿದರು. ಆ ಕಮಿಟಿಯ ಕಾರ್ಯದರ್ಶಿ ವಿಲಿಯಂ ಡಿಗ್ಬಿ ಎಂಬಾತ ಈ ಬರದ ಬಗ್ಗೆ ಎರಡು ದೊಡ್ಡ ಪುಸ್ತಕ ಬರೆದು ಸರ್ಕಾರದ ತಪ್ಪನ್ನೂ ಹೇಳಿದ. ನಾವು ದಮ್ಮಡಿ ಬಡಿದು ದಿವಿಸೀಮೆಗೆ ಕೂಡಿಸಿದ ಜೋಳ ನೆನಪಾಯಿತು. ಕೊಟ್ಟವರು ನಮ್ಮನ್ನ ಕಂಡವರಲ್ಲ, ನಾವು ಅವರನ್ನ ಕಂಡವರಲ್ಲ. ಆ ಮುದುಕಿ ಹೇಳಿದ್ದೂ ಅದೇ.

ಸರ್ಕಾರಕ್ಕೂ ಬುದ್ಧಿ ಬಂತು, ತಡವಾಗಿ. 1880ರಲ್ಲಿ ಬರಗಾಲದ ಕಮಿಷನ್ನು ವರದಿ ಕೊಟ್ಟಿತು. ಬರ ಬರೋ ಲಕ್ಷಣ ಕಂಡರೆ ಯಾರು ಏನು ಮಾಡಬೇಕು ಅಂತ ಬರಗಾಲದ ಕಾಯಿದೆ ಪುಸ್ತಕವೇ ಆಯಿತು. 1883ರಲ್ಲಿ ಬಾವಿ, ಒಡ್ಡು ಮಾಡಿಕೊಳ್ಳಲಿಕ್ಕೆ, 1884ರಲ್ಲಿ ಬೀಜ, ಎತ್ತು ಕೊಳ್ಳಲಿಕ್ಕೆ ಸಾಲ ಕೊಡುವ ಎರಡು ಕಾನೂನು ಬಂದವು. ನಮ್ಮ ಹಿರಿಯರು ತಗಾವಿ ಸಾಲ ಅನ್ನುತ್ತಿದ್ದದ್ದು ಇದನ್ನೇ. ತಗಾವಿ ಮನ್ರೋ ಕಾಲಕ್ಕೂ ಇತ್ತು, ಈಗ ಕಾನೂನಿನ ಬಲ ಸಿಕ್ಕಿತು. ಆದರೆ ಸಾಲ ಸಾಲವೇ. ಮುಂದಿನ ಮಳೆ ಹೋದರೆ ಬಾವಿಯೂ ಬತ್ತಿರುತ್ತದೆ, ಕಂತೂ ಕಟ್ಟಬೇಕು.

ಆಮೇಲೆ 1891, 1896, 1900, ಹಿಂಗೆ ಬರಗಳು ಬಂದು ಹೋದವು. ಜನ ಸತ್ತರು, ಧಾತುವಿನಷ್ಟು ಅಲ್ಲ. ಇನ್ನು ನಮ್ಮವ್ವನ ಕಾಲಕ್ಕೆ ಬರುತ್ತೇನೆ.

1952ರ ಹೊತ್ತಿಗೆ ರಾಯಲಸೀಮೆಯಲ್ಲಿ ಸಾಲಾಗಿ ಮಳೆ ಹೋಗಿತ್ತು. ಸ್ವಾತಂತ್ರ್ಯ ಬಂದು ಐದು ವರ್ಷ. ಮದ್ರಾಸು ಸರ್ಕಾರ ಸೀಮೆ ಉದ್ದಕ್ಕೂ ಗಂಜಿ ಕೇಂದ್ರ ತೆರೆಯಿತು. ಬಾವಿಗಳಲ್ಲಿ ನೀರು ಪಾತಾಳಕ್ಕೆ ಇಳಿದಿತ್ತು, ಆಳ ಮಾಡಲಿಕ್ಕೆ ಮಿಲಿಟರಿಯವರೇ ಬಂದರು. ನಮ್ಮವ್ವನಿಗೆ ಆಗ ಹತ್ತು ಹನ್ನೊಂದು ವರ್ಷ. ಸಿಲ್ವರ್ ಡಬರಿ ಹಿಡಕೊಂಡು, ತಮ್ಮನ್ನ ಕಂಕುಳಲ್ಲಿ ಎತ್ತಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದಳಂತೆ. ನಮ್ಮ ತಾತ ಮಾತ್ರ ಒಂದು ದಿನವೂ ಹೋಗಲಿಲ್ಲ. ಊರಿಗೆ ಜೋಳ ಹಾಕಿದ ಮನೆತನ ನಮ್ಮದು, ನಾನು ಕೈ ಒಡ್ಡೋದಾ ಅಂತ. ಮಕ್ಕಳು ತಂದ ಗಂಜಿಯನ್ನ ಕತ್ತಲಾದ ಮೇಲೆ, ದೀಪ ಹಚ್ಚದೆ ಕುಡಿಯುತ್ತಿದ್ದನಂತೆ. ಇದನ್ನ ಹೇಳಿದಾಗ ಅವ್ವನಿಗೆ ಐವತ್ತು ದಾಟಿತ್ತು. ಹೇಳಿ ಮುಗಿಸಿ, “ಊರಾಗ ಹೇಳಬ್ಯಾಡ” ಅಂತ ಮತ್ತೆ ಅಂದಳು. ಆಕೆ ಹೋಗಿ ಈಗ ಬಹಳ ವರ್ಷವಾಯಿತು. ನಾನು ಹೇಳ್ತಾ ಇದ್ದೀನಿ. ಊರಲ್ಲಿ ಅರ್ಧ ಮನೆಗಳು ಆ ಸಾಲಿನಲ್ಲಿ ನಿಂತಿದ್ದವು. ಎಲ್ಲರೂ ತಮ್ಮದೊಂದೇ ಮನೆ ನಿಂತಿತ್ತು ಅಂತ ಎಪ್ಪತ್ತು ವರ್ಷ ಮುಚ್ಚಿಟ್ಟುಕೊಂಡರು.

ಗಂಜಿ ಕುಡಿದದ್ದು ಬಳ್ಳಾರಿ ಜಿಲ್ಲೆಯಲ್ಲಿ, ಮಾರನೇ ವರ್ಷ ಎದ್ದು ನೋಡಿದರೆ ಅನಂತಪುರ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಆಲೂರು, ಆದೋನಿ, ರಾಯದುರ್ಗ ಆ ಕಡೆ, ಉಳಿದದ್ದು ಮೈಸೂರಿಗೆ. ಅದೇ ವರ್ಷ ತುಂಗಭದ್ರಾ ಡ್ಯಾಮಿನ ನೀರೂ ಬಿಟ್ಟರು. ನೀರು ಬಂದ ಊರಿನ ಹಣೆಬರಹ ತಿರುಗಿತು, ಬರದ ಊರು ಹಂಗೇ ಉಳಿಯಿತು. ನಮಗೆ ಹೊಸದಾಗಿ ಬಂದದ್ದು ಏನಂದ್ರೆ, ಮನೆ ಮಾತು ಕನ್ನಡ, ಪಹಣಿ ತೆಲುಗು. ಅಲ್ಲಿ ಅದಕ್ಕೆ ಅಡಂಗಲ್ ಅಂತಾರೆ.

ಇದು ಸಣ್ಣ ವಿಷಯ ಅಲ್ಲ. ತೆಲುಗಿನವರಿಗೆ ಇಂಟಿ ಪೇರು ಅಂತ ಮನೆತನದ ಹೆಸರು ಮುಂದೆ ಇರುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಅದು ಇಲ್ಲ. ಬರೆಯೋನು ಒಬ್ಬೊಬ್ಬ ಒಂದೊಂದು ಸಲ ಊರ ಹೆಸರು, ಅಪ್ಪನ ಹೆಸರು, ಜಾತಿ ಹೆಸರು, ತೋಚಿದ್ದು ಸೇರಿಸುತ್ತಾನೆ. ಒಂದು ವರ್ಷ ನನ್ನ ಶೇಂಗಾ ಪೂರಾ ಒಣಗಿ ಸರ್ಕಾರ ಬೆಳೆ ನಷ್ಟದ ದುಡ್ಡು ಕೊಟ್ಟಿತು. ಪಾಸುಬುಕ್ಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು. ಮೂರೂ ನಾನೇ. ಒಂದು ಆಫೀಸಿನಲ್ಲಿ “ನೀವು ಮೂರು ಜನ ಬಂದು ಸಹಿ ಹಾಕಿ” ಅಂತ ನಕ್ಕರು. ನಾನೂ ನಕ್ಕೆ, ಏನು ಮಾಡೋದು. ಎಂಟು ಸಲ ತಿರುಗಿದೆ, ಬಸ್ ಚಾರ್ಜು, ಟೀ, ಜೆರಾಕ್ಸು ಸೇರಿ ಬರೋ ದುಡ್ಡಿನಲ್ಲಿ ಒಂದು ಪಾಲು ಅಲ್ಲೇ ಕರಗಿತು. ನನ್ನದು ಸ್ವಂತ ಹೊಲ, ಕೊನೆಗೆ ಬಂತು. ಕೋರಿಗೆ ಮಾಡಿದವನ ಹೆಸರು ಯಾವ ಬುಕ್ಕಿನಲ್ಲೂ ಇರೋದಿಲ್ಲ. ಬಿತ್ತಿದವನು ಅವನು, ನಷ್ಟ ಅವನದು, ದುಡ್ಡು ಹೊಲದ ಯಜಮಾನನ ಖಾತೆಗೆ. ಟೆಂಪಲ್ ದೊರೆ ಕಾಲದಲ್ಲಿ ಕಾಲ್ನಡಿಗೆಯ ಪರೀಕ್ಷೆ ಇತ್ತು, ನಮ್ಮ ಕಾಲದಲ್ಲಿ ಕಾಗದದ ಪರೀಕ್ಷೆ.

ಆದರೂ ಒಂದು ಬದಲಾವಣೆ ಆಗಿದೆ, ಅದನ್ನ ಮರೆಮಾಚಬಾರದು. 2006ರ ಫೆಬ್ರವರಿ 2ರಂದು ನಮ್ಮ ಜಿಲ್ಲೆಯದೇ ನಾರ್ಪಲ ಮಂಡಲದ ಬಂಡ್ಲಪಲ್ಲಿ ಎಂಬ ಹಳ್ಳಿಗೆ ಪ್ರಧಾನಿ ಮನಮೋಹನ ಸಿಂಗ್, ಸೋನಿಯಾ ಗಾಂಧಿ ಬಂದು ಉದ್ಯೋಗ ಖಾತರಿ ಸುರು ಮಾಡಿದರು. ಮೊದಲಿಗೆ ದೇಶದಲ್ಲಿ 200 ಜಿಲ್ಲೆ. ಆಗಿನ ನಿಯಮದಲ್ಲಿ ಮನೆಗೆ ವರ್ಷಕ್ಕೆ 100 ದಿನ ಕೆಲಸ, ಕೇಳಿದ 15 ದಿನದೊಳಗೆ ಕೊಡಬೇಕಿತ್ತು, ಇಲ್ಲದಿದ್ದರೆ ಭತ್ಯೆ. ಕೆಲಸ ಊರಿಂದ 5 ಕಿಲೋಮೀಟರ್ ಒಳಗೆ, ಅದಕ್ಕಿಂತ ದೂರ ಆದರೆ ಕೂಲಿ ಮೇಲೆ ನೂರಕ್ಕೆ 10 ಹೆಚ್ಚು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಇದನ್ನ 1877ರ ನಿಯಮದ ಪಕ್ಕ ಇಟ್ಟು ಓದಿ. ದೂರ ಬಾ ಅಂದವರು ದೂರ ಆದರೆ ಹೆಚ್ಚು ಕೊಡ್ತೀವಿ ಅನ್ನಬೇಕಾಯಿತು. ಬರ ಬಂದಾಗ ದೊರೆ ಮನಸ್ಸು ಮಾಡಿದರೆ ಸಿಗುತ್ತಿದ್ದದ್ದು, ಕೇಳಿ ತಗೊಳ್ಳೋ ಹಕ್ಕು ಆಯಿತು. ಕೂಲಿ ತಿಂಗಳುಗಟ್ಟಲೆ ತಡವಾಗೋದು, ಮಣ್ಣಿನ ಅಳತೆಯಲ್ಲಿ ಕಮ್ಮಿ ಬರೆಯೋದು ಎಲ್ಲ ಇದೆ, ನಾನೂ ಗುಂಡಿ ತೆಗೆದವನೇ. ಆದರೆ ನನ್ನ ಹೊಲದ ನೀರಿನ ಹೊಂಡ ಆ ಕೆಲಸದಲ್ಲೇ ಆದದ್ದು. ಒಂದು ಮಳೆ ಬಿದ್ದರೆ ಹದಿನೈದು ದಿನ ನೀರು ನಿಲ್ಲುತ್ತದೆ, ಕುರಿ ಕುಡಿಯುತ್ತವೆ.

ಮೊದಲ ದಿನ ಜಾಬ್ ಕಾರ್ಡು ಹಿಡಿದು ಕೆಲಸಕ್ಕೆ ಹೋದಾಗ ನನ್ನ ಹೆಂಡತಿ ಸೆರಗು ಮುಖಕ್ಕೆ ಎಳಕೊಂಡು ಊರ ಹಿಂದಿನ ದಾರಿಯಲ್ಲಿ ಬಂದಳು. ಆಕೆಗೆ ನಮ್ಮ ತಾತನ ಕಥೆ ಗೊತ್ತೇ ಇರಲಿಲ್ಲ. ಆ ವಾರ ರಾತ್ರಿ ಕೂತು ಅವ್ವ ಹೇಳಿದ್ದನ್ನೆಲ್ಲ ಆಕೆಗೆ ಹೇಳಿದೆ. ಮುಂದಿನ ಸೋಮವಾರ ಅಗಸಿ ಬಾಗಿಲ ಮುಂದೇ ಹಾದು ಬಂದಳು, ಓಣಿಯ ನಾಲ್ಕು ಹೆಂಗಸರನ್ನ ಕರಕೊಂಡು. ಗುಂಡಿ ತೋಡುವಾಗ ಅವರೇ ಪದ ಎತ್ತಿದರು, ನಾನು ದನಿಗೂಡಿಸಿದೆ.