ಎರಡಾಣೆ ಪಿಗ್ಮಿಯಿಂದ ಡೈರೆಕ್ಟ್ ಪ್ಲಾನ್‌ವರೆಗೆ: ನಮ್ಮ ಉಳಿತಾಯದಲ್ಲಿ ಕಮಿಷನ್ ಎಷ್ಟು?

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೂ ಮುಂಚೆ ನಾವು, ಮಂಗಳೂರಿನವರು, ಉಡುಪಿಯವರು ಎಲ್ಲರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. ಆ ಜಿಲ್ಲೆ ಬ್ಯಾಂಕುಗಳ ತವರೂರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳುತನದಲ್ಲಿ ಶುರುವಾದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದರ ಮೊದಲ ದಿನದ ಜಮೆ 38 ರೂಪಾಯಿ 13 ಆಣೆ 2 ಪೈ. ಕೊನೆಯ 2 ಪೈಯನ್ನೂ ಲೆಕ್ಕಕ್ಕೆ ಹಿಡಿದ ಊರು ನಮ್ಮದು. ಆದರೆ ಅದೇ ಊರಿನ ನಾವು ಇಂದು ಶೇಕಡಾ ಲೆಕ್ಕದಲ್ಲಿ ಎಷ್ಟು ಕೊಡುತ್ತಿದ್ದೇವೆ ಎಂದು ನೋಡುವುದಿಲ್ಲ. ಅದಕ್ಕಾಗಿ ಈ ಲೇಖನ.

1925ರಲ್ಲಿ ಉಡುಪಿಯಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಶ್ರೀನಿವಾಸ ಕುಡ್ವ, ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಅದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟರೇ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು.

ಅಂಗಡಿ ಮನೆಯಲ್ಲಿ ಬೆಳೆದವರಿಗೆ ಪಿಗ್ಮಿಯವರನ್ನು ಪರಿಚಯ ಮಾಡಿಸಬೇಕಾಗಿಲ್ಲ. ನಮ್ಮ ಜೀನಸು ಅಂಗಡಿಗೂ ಸಂಜೆ ಹೊತ್ತು ಒಬ್ಬರು ಬರುತ್ತಿದ್ದರು. ಉಪ್ಪ ಗಲ್ಲಾಪೆಟ್ಟಿಗೆಯಿಂದ ಮೊದಲು ಅವರ ಹಣ ತೆಗೆದಿಟ್ಟು, ಆಮೇಲೆ ಮನೆಗೆ ಮೀನಿಗೆ ಹಣ ಕೊಡುತ್ತಿದ್ದರು. ಪಿಗ್ಮಿಯ ಗುಟ್ಟೇ ಅದು. ಖರ್ಚು ಮಾಡಿ ಉಳಿದದ್ದನ್ನು ಕಟ್ಟುವುದಲ್ಲ, ಕಟ್ಟಿ ಉಳಿದದ್ದರಲ್ಲಿ ಖರ್ಚು ಮಾಡುವುದು. ಇಂದಿನ ಇಎಂಐ ಇದಕ್ಕೆ ಪೂರ್ತಿ ಉಲ್ಟಾ: ಮೊದಲು ಮೊಬೈಲು, ಆಮೇಲೆ ಕಂತು.

ಪಿಗ್ಮಿ ಏಜೆಂಟರಿಗೂ ಕಮಿಷನ್ ಇತ್ತು. ಅದು ಬ್ಯಾಂಕಿನ ಖರ್ಚು. ಆ ಖರ್ಚನ್ನು ಹೊರುವ ಠೇವಣಿಗೆ ಬ್ಯಾಂಕು ಕೊಡುವ ಬಡ್ಡಿಯೂ ಅಷ್ಟಕ್ಕಷ್ಟೇ. ಆದರೆ ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಆ ಕಮಿಷನ್ ಒಬ್ಬ ಮನುಷ್ಯ ಮಳೆ ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದದ್ದಕ್ಕೆ. ಎರಡು, ಅದು ಸಂಗ್ರಹಿಸಿದ ಹಣದ ಮೇಲೆ ಸಿಗುವ ಕಮಿಷನ್. ಇವತ್ತು ಕೊಟ್ಟ ನೂರು ರೂಪಾಯಿಗೆ ಮುಂದಿನ ಇಪ್ಪತ್ತು ವರ್ಷವೂ ಪ್ರತಿ ವರ್ಷ ಕಮಿಷನ್ ಇರಲಿಲ್ಲ. ಮುಂದಿನ ಚರಿತ್ರೆ ಅರ್ಥವಾಗಲು ಈ ವ್ಯತ್ಯಾಸ ನೆನಪಿರಲಿ.

1964ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ತನ್ನ ಮೊದಲ ಯೋಜನೆ ಯುಎಸ್-64 ತಂದಿತು. ಸಾಮಾನ್ಯರೂ ಷೇರು ಪೇಟೆಯಲ್ಲಿ ಸಣ್ಣ ಪಾಲು ಪಡೆಯುವ ದಾರಿ ಅದು. 1987ರಲ್ಲಿ ಸರಕಾರಿ ಬ್ಯಾಂಕುಗಳು, 1993ರಲ್ಲಿ ಖಾಸಗಿಯವರು ಮ್ಯೂಚುವಲ್ ಫಂಡ್ ವ್ಯವಹಾರಕ್ಕೆ ಬಂದರು. ಮಾರುವವರು ಹೆಚ್ಚಿದಂತೆ ಶುಲ್ಕವೂ ಬಂತು. ಷೇರು ಫಂಡುಗಳಲ್ಲಿ ಪ್ರವೇಶ ಶುಲ್ಕ ಎಂದು 2.25 ಶೇಕಡಾ ಮುರಿಯುವುದು ರೂಢಿಯಾಯಿತು. ಅಂದರೆ 10,000 ರೂಪಾಯಿ ಕೊಟ್ಟರೆ 225 ರೂಪಾಯಿ ಬಾಗಿಲಲ್ಲೇ ಹೋಗುತ್ತಿತ್ತು.

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಮೊದಲೇ ಎತ್ತಿದವರು ಜಾನ್ ಬೋಗಲ್. 1976ರಲ್ಲಿ ಅವರ ವ್ಯಾನ್‌ಗಾರ್ಡ್ ಸಂಸ್ಥೆ ಸಾಮಾನ್ಯ ಹೂಡಿಕೆದಾರರಿಗಾಗಿ ಇಂಡೆಕ್ಸ್ ಫಂಡ್ ತಂದಿತು. ಯಾವ ಷೇರು ಏರುತ್ತದೆ ಎಂದು ಊಹಿಸಲು ದುಬಾರಿ ತಜ್ಞರು ಬೇಡ, ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳನ್ನೂ ಕೊಂಡು ಸುಮ್ಮನಿದ್ದರೆ ಸಾಕು ಎಂಬುದು ಯೋಚನೆ. 15 ಕೋಟಿ ಡಾಲರ್ ಗುರಿ ಇಟ್ಟಿದ್ದರು, ಬಂದದ್ದು ಸುಮಾರು 1.1 ಕೋಟಿ. ಪೇಟೆಯವರು ಅದನ್ನು ‘ಬೋಗಲ್ ಮಾಡಿದ ಮೂರ್ಖತನ’ ಎಂದು ನಕ್ಕರು. ಬೋಗಲ್ ವಾದ ಸರಳ: ಎಲ್ಲ ಹೂಡಿಕೆದಾರರಿಗೂ ಒಟ್ಟಾಗಿ ಸಿಗುವುದು ಪೇಟೆ ಕೊಟ್ಟಷ್ಟೇ, ಅದರಲ್ಲಿ ಖರ್ಚು ಕಳೆದರೆ ಉಳಿದದ್ದು ಅವರ ಪಾಲು. ನಮ್ಮ ದೇಶದಲ್ಲಿ ಸೂಚ್ಯಂಕವನ್ನೇ ಹಿಂಬಾಲಿಸಿ ಷೇರಿನಂತೆ ಮಾರಾಟವಾಗುವ ಮೊದಲ ಫಂಡ್, ನಿಫ್ಟಿ ಬೀಸ್, 2001ರ ಕೊನೆಗೆ ಬಂತು.

ಆಮೇಲೆ ಸೆಬಿ ಮೂರು ಹೆಜ್ಜೆ ಇಟ್ಟಿತು. 2009ರ ಆಗಸ್ಟ್ 1ರಿಂದ ಪ್ರವೇಶ ಶುಲ್ಕ ರದ್ದು. 2013ರ ಜನವರಿ 1ರಿಂದ ಪ್ರತಿ ಫಂಡಿನಲ್ಲೂ ಮಧ್ಯವರ್ತಿ ಇಲ್ಲದ ‘ಡೈರೆಕ್ಟ್’ ಪ್ಲಾನ್. 2018ರಲ್ಲಿ ಏಜೆಂಟರಿಗೆ ಮುಂಗಡ ಕಮಿಷನ್ ಕೊಡುವುದಕ್ಕೆ ತಡೆ. ವಿಮೆಯ ಕಡೆಯಲ್ಲೂ 2010ರ ಸೆಪ್ಟೆಂಬರ್‌ನಿಂದ ಯುಲಿಪ್ ಪಾಲಿಸಿಗಳ ಶುಲ್ಕಕ್ಕೆ ಮಿತಿ ಬಂತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ‘ರೆಗ್ಯುಲರ್’ ಪ್ಲಾನಿನಲ್ಲಿ ಕಮಿಷನ್ ಈಗಲೂ ಇದೆ. ಬಾಗಿಲಲ್ಲಿ ಒಮ್ಮೆ ಕೊಡುವ ಬದಲು, ಒಟ್ಟು ಸೇರಿದ ಹಣದ ಮೇಲೆ ಪ್ರತಿ ವರ್ಷ. ಷೇರು ಫಂಡುಗಳಲ್ಲಿ ಡೈರೆಕ್ಟ್‌ಗೂ ರೆಗ್ಯುಲರ್‌ಗೂ ಅರ್ಧದಿಂದ ಒಂದು ಶೇಕಡಾ ಅಂತರ ಸಾಮಾನ್ಯ. ಇದಕ್ಕೆ ಬಿಲ್ ಬರುವುದಿಲ್ಲ, ಮೆಸೇಜೂ ಬರುವುದಿಲ್ಲ. ದಿನದಿನದ ಬೆಲೆಯಲ್ಲೇ ಮುರಿದುಹೋಗುತ್ತದೆ. ಡಿಪ್ಲೊಮಾದಲ್ಲಿ ನಾವು ಓದಿದ ಬೇರಿಂಗ್‌ನ ಘರ್ಷಣೆಯಂತೆ: ಕಣ್ಣಿಗೆ ಕಾಣದು, ಯಂತ್ರ ತಿರುಗುವಷ್ಟು ಹೊತ್ತೂ ತಿನ್ನುತ್ತಲೇ ಇರುತ್ತದೆ.

ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಹೋದದ್ದು 12 ಲಕ್ಷ. ವರ್ಷಕ್ಕೆ 12 ಶೇಕಡಾ ಬೆಳೆದರೆ ಅದು ಸುಮಾರು 49.5 ಲಕ್ಷ ಆಗುತ್ತದೆ. ಒಂದು ಶೇಕಡಾ ಶುಲ್ಕಕ್ಕೆ ಹೋಗಿ 11 ಶೇಕಡಾ ಬೆಳೆದರೆ ಸುಮಾರು 43.3 ಲಕ್ಷ. ವ್ಯತ್ಯಾಸ 6 ಲಕ್ಷಕ್ಕೂ ಮೇಲೆ. 12 ಶೇಕಡಾ ಎಂಬುದು ಉದಾಹರಣೆ ಮಾತ್ರ, ಪೇಟೆ ಯಾರಿಗೂ ಭರವಸೆ ಕೊಡುವುದಿಲ್ಲ. ಶುಲ್ಕ ಮಾತ್ರ ಪೇಟೆ ಬಿದ್ದ ವರ್ಷವೂ ತಪ್ಪುವುದಿಲ್ಲ.

ಅದನ್ನೇ ಮನೆಖರ್ಚಿಗೆ ಹೊಂದಿಸಿ. ಆ 6 ಲಕ್ಷವನ್ನು ಸರಿದೂಗಿಸಲು 5,000ದ ಬದಲು ತಿಂಗಳಿಗೆ ಸುಮಾರು 5,700 ಕಟ್ಟಬೇಕು. ಅಂದರೆ 20 ವರ್ಷ, ಪ್ರತಿ ತಿಂಗಳು, ಮನೆಯಲ್ಲಿ 700 ರೂಪಾಯಿ ಹೆಚ್ಚಿಗೆ ಉಳಿಸಬೇಕು. ಮಾರುಕಟ್ಟೆಯಲ್ಲಿ ಬಂಗುಡೆಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನಾವು ಈ 700ರ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಮನೆಖರ್ಚು ಕಡಿಮೆ ಮಾಡಬೇಡಿ ಎಂದಲ್ಲ. ಉಮ್ಮ ಅಡುಗೆಮನೆಯಲ್ಲಿ ಉಳಿಸಿದ್ದು ಶುಲ್ಕವಾಗಿ ಸೋರಬಾರದು ಎಂದು.

ನಮ್ಮ ಕಡೆಯ ಮನೆಗಳಿಗೆ ಇದು ಇನ್ನೂ ಮುಖ್ಯ. ಗಲ್ಫಿನ ದುಡಿಮೆಗೆ ಪೆನ್ಶನ್ ಇಲ್ಲ, ವೀಸಾ ಮುಗಿದ ದಿನ ಸಂಬಳವೂ ಮುಗಿಯಿತು. ಹದಿನೈದು ಇಪ್ಪತ್ತು ವರ್ಷದ ಗಳಿಕೆಯಲ್ಲೇ ಮನೆ, ಮದುವೆ, ಮುಪ್ಪು ಎಲ್ಲ ನಡೆಯಬೇಕು. ರಜೆಗೆ ಊರಿಗೆ ಬಂದಾಗ ನೆಂಟರೋ ಪರಿಚಯದವರೋ ಒಂದು ಫಾರಂ ತರುತ್ತಾರೆ, ದಾಕ್ಷಿಣ್ಯಕ್ಕೆ ಸಹಿ ಬೀಳುತ್ತದೆ.

ಏಜೆಂಟರೆಲ್ಲ ಕೆಟ್ಟವರಲ್ಲ. ಪೇಟೆ ಬಿದ್ದಾಗ ಹೆದರಿ ಹಣ ತೆಗೆಯದಂತೆ ಧೈರ್ಯ ಹೇಳುವ, ತೀರಿಹೋದವರ ಮನೆಗೆ ಬಂದು ಕಾಗದಪತ್ರ ಮಾಡಿಕೊಡುವ ಏಜೆಂಟ್ ಇದ್ದರೆ ಅವರಿಗೆ ಕೊಡುವುದು ನ್ಯಾಯವೇ. ಕೇಳಬೇಕಾದ್ದು ಇಷ್ಟೇ: ಈ ಶುಲ್ಕ ಯಾವ ಕೆಲಸಕ್ಕೆ, ಒಮ್ಮೆಯೋ ಪ್ರತಿ ವರ್ಷವೋ?

ನಿಮ್ಮ ಫಂಡಿನ ಸ್ಟೇಟ್‌ಮೆಂಟ್ ತೆಗೆದು ಹೆಸರಿನ ಮುಂದೆ ‘ರೆಗ್ಯುಲರ್’ ಎಂದಿದೆಯೋ ‘ಡೈರೆಕ್ಟ್’ ಎಂದಿದೆಯೋ ನೋಡಿ. ಹಳೆಯದನ್ನು ಬದಲಿಸುವುದು ಮಾರಿ ಕೊಂಡ ಲೆಕ್ಕಕ್ಕೆ ಬರುವುದರಿಂದ ತೆರಿಗೆ ಮತ್ತು ನಿರ್ಗಮನ ಶುಲ್ಕ ಮೊದಲು ವಿಚಾರಿಸಿ. ಹೊಸ ಕಂತನ್ನಾದರೂ ಡೈರೆಕ್ಟ್‌ನಲ್ಲಿ ಶುರು ಮಾಡಬಹುದು, ಕೆವೈಸಿ ಸರಿಯಿದ್ದರೆ ದುಬೈಯಲ್ಲಿ ಕುಳಿತು ಮೊಬೈಲಿನಲ್ಲೇ ಆಗುತ್ತದೆ. ಒಂದು ಸಂಜೆಯ ಕೆಲಸ.