ಪ್ರಾಯೋಗಿಕ ಪಿಸ್ತೂಲು ಶೂಟಿಂಗ್

ಬೇರೆ ಬೇರೆ ದೂರದಲ್ಲಿ ನಿಲ್ಲಿಸಿದ ಹಲವು ಗುರಿಗಳಿಗೆ ಓಡುತ್ತ, ಬಾಗುತ್ತ, ಮರೆಯಿಂದ ಇಣುಕುತ್ತ ಗುಂಡು ಹೊಡೆಯುವ ಸ್ಪರ್ಧೆ. ಒಲಿಂಪಿಕ್ ಪಿಸ್ತೂಲು ಸ್ಪರ್ಧೆಯಲ್ಲಿ ನಿಂತ ಜಾಗವೂ ಗುರಿಯ ದೂರವೂ ಬದಲಾಗುವುದಿಲ್ಲ. ಇಲ್ಲಿ ಎರಡೂ ಬದಲಾಗುತ್ತಲೇ ಇರುತ್ತವೆ. 1976ರಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಕೊಲಂಬಿಯಾದಲ್ಲಿ ಸೇರಿದ ಸಭೆಯಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟ (ಐಪಿಎಸ್‌ಸಿ) ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ನಿಖರತೆ, ಬಲ, ವೇಗ ಈ ಮೂರನ್ನೂ ಸಮತೂಕದಲ್ಲಿ ಅಳೆಯುವುದು ಒಕ್ಕೂಟದ ಧ್ಯೇಯ. ಅಂಕ ಹಾಕುವ ಲೆಕ್ಕವೂ ಈ ಧ್ಯೇಯದಿಂದಲೇ ಬಂದದ್ದು.

ಪಂದ್ಯಗಳಲ್ಲಿ ಐದು ಮಟ್ಟಗಳಿವೆ. ಕ್ಲಬ್ಬಿನೊಳಗಿನ ಪಂದ್ಯ ಮೊದಲ ಮಟ್ಟದ್ದು, ವಿಶ್ವ ಚಾಂಪಿಯನ್‌ಷಿಪ್ ಐದನೆಯದು. ವಿಶ್ವ ಪಂದ್ಯ 2017ರಲ್ಲಿ ಫ್ರಾನ್ಸಿನ ಶಾತೋರುವಿನಲ್ಲಿ, 2022ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ನಡೆಯಿತು. ಇಷ್ಟು ದೊಡ್ಡ ಪಂದ್ಯದಲ್ಲಿ ಸ್ಪರ್ಧಿಯೊಬ್ಬ ಸುಮಾರು 30 ಸ್ಟೇಜ್‌ಗಳನ್ನು (ಸ್ಪರ್ಧಾ ಅಂಕಣಗಳನ್ನು) ಹಲವು ದಿನಗಳಲ್ಲಿ ಮುಗಿಸಬೇಕಾಗುತ್ತದೆ. ಫ್ರಾನ್ಸಿನ ಎರಿಕ್ ಗ್ರೊಫೆಲ್ 1999ರಲ್ಲಿ, ಇನ್ನೂ 19ರ ಹರೆಯದಲ್ಲಿ, ಓಪನ್ ವಿಭಾಗದ ವಿಶ್ವ ಚಾಂಪಿಯನ್ ಆದ. ಓಪನ್, ಸ್ಟ್ಯಾಂಡರ್ಡ್, ಪ್ರೊಡಕ್ಷನ್, ಕ್ಲಾಸಿಕ್, ರಿವಾಲ್ವರ್ ಮುಂತಾದ ವಿಭಾಗಗಳನ್ನು ಆಯುಧದ ಮಾದರಿ ನೋಡಿ ಮಾಡಲಾಗಿದೆ. ಒಂದು ವಿಭಾಗದವರಿಗೆ ಇನ್ನೊಂದರವರೊಡನೆ ಪೈಪೋಟಿ ಇಲ್ಲ.

ಸ್ಟೇಜ್ ಎಂದರೆ ಗೋಡೆ, ಕಿಟಕಿ, ಬಾಗಿಲು, ಪೀಪಾಯಿಗಳನ್ನಿಟ್ಟು ಕಟ್ಟಿದ ಒಂದು ಅಂಕಣ. ರಟ್ಟಿನ ಗುರಿಗೆ ಸಾಮಾನ್ಯವಾಗಿ ಎರಡು ಗುಂಡು ತಾಗಬೇಕು, ಕಬ್ಬಿಣದ ಗುರಿ ಬೀಳಬೇಕು. ನಡುನಡುವೆ ಹೊಡೆಯಬಾರದ ಗುರಿಗಳನ್ನೂ ಇಟ್ಟಿರುತ್ತಾರೆ. ಸ್ಟೇಜಿನ ಗಾತ್ರಕ್ಕೆ ತಕ್ಕಂತೆ ಗರಿಷ್ಠ 12, 24 ಅಥವಾ 32 ಗುಂಡುಗಳ ಮಿತಿಯಿದೆ. ಸ್ಪರ್ಧಿಗಳ ತಂಡಕ್ಕೆ ಸ್ಟೇಜನ್ನು ಮೊದಲೇ ನೋಡಿಕೊಳ್ಳಲು ಸಿಗುವುದು ಕೆಲವೇ ನಿಮಿಷ. ಯಾವ ಗುರಿಯನ್ನು ಎಲ್ಲಿ ನಿಂತು ಹೊಡೆಯುವುದು, ಎಷ್ಟನೇ ಹೆಜ್ಜೆಯಲ್ಲಿ ಮ್ಯಾಗಜಿನ್ ಬದಲಿಸುವುದು ಎಂಬುದೆಲ್ಲ ಅಷ್ಟರಲ್ಲಿ ತೀರ್ಮಾನವಾಗಬೇಕು. ಬರಿಗೈಯನ್ನೇ ಪಿಸ್ತೂಲಿನಂತೆ ಹಿಡಿದು, ಬಾಯಲ್ಲಿ ಎಣಿಸುತ್ತ ಅತ್ತಿತ್ತ ನಡೆದಾಡುವ ಸ್ಪರ್ಧಿಗಳು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತಾರೆ. ಆದರೆ ಪಂದ್ಯದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಸರದಿ ಬಂದಾಗ ರೇಂಜ್ ಆಫೀಸರ್ ‘ಲೋಡ್ ಅಂಡ್ ಮೇಕ್ ರೆಡಿ’, ‘ಆರ್ ಯು ರೆಡಿ’, ‘ಸ್ಟ್ಯಾಂಡ್ ಬೈ’ ಎನ್ನುತ್ತಾನೆ. ಟೈಮರ್ ಬೀಪ್ ಎಂದದ್ದೇ ಸ್ಪರ್ಧಿಯ ಕೈ ಹೋಲ್‌ಸ್ಟರ್‌ಗೆ ಹೋಗುತ್ತದೆ. ಕೊನೆಯ ಗುಂಡಿನ ಸದ್ದು ಕೇಳಿದ ಗಳಿಗೆಯೇ ಅವನ ಸಮಯ.

ರಟ್ಟಿನ ಗುರಿಯ ಎ, ಸಿ, ಡಿ ವಲಯಗಳಿಗೆ ಪ್ರೊಡಕ್ಷನ್ ವಿಭಾಗದಲ್ಲಿ ಕ್ರಮವಾಗಿ 5, 3, 1 ಅಂಕ. ಗುರಿ ತಪ್ಪಿದರೂ, ಹೊಡೆಯಬಾರದ್ದಕ್ಕೆ ತಾಗಿದರೂ 10 ಅಂಕ ಕಡಿತ. ಗಳಿಸಿದ ಅಂಕವನ್ನು ಸೆಕೆಂಡುಗಳಿಂದ ಭಾಗಿಸಿದರೆ ಬರುವುದು ಹಿಟ್ ಫ್ಯಾಕ್ಟರ್. 12 ಗುಂಡುಗಳ, 60 ಅಂಕದ ಒಂದು ಸ್ಟೇಜನ್ನು ಊಹಿಸಿಕೊಳ್ಳಬಹುದು. ಹನ್ನೊಂದು ಎ, ಒಂದು ಸಿ ಹೊಡೆದವನಿಗೆ 58 ಅಂಕ. 10 ಸೆಕೆಂಡು ತೆಗೆದುಕೊಂಡರೆ ಅವನ ಹಿಟ್ ಫ್ಯಾಕ್ಟರ್ 5.8. ಆರು ಎ, ಆರು ಸಿ ಹೊಡೆದವನಿಗೆ 48 ಅಂಕ ಮಾತ್ರ. ಆದರೆ ಅವನು 8 ಸೆಕೆಂಡಿನಲ್ಲಿ ಮುಗಿಸಿದ್ದರೆ ಹಿಟ್ ಫ್ಯಾಕ್ಟರ್ 6.0. ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಇರುವವನಿಗೆ ಸ್ಟೇಜಿನ ಪೂರ್ತಿ ಅಂಕ ಸಿಗುವುದರಿಂದ 60 ಅಂಕ ಈ ಎರಡನೆಯವನಿಗೆ, ಅನುಪಾತದ ಪ್ರಕಾರ ಮೊದಲನೆಯವನಿಗೆ 58. ಅದೇ ಅವಸರದಲ್ಲಿ ಎರಡನೆಯವನ ಒಂದು ಸಿ ಗುಂಡು ಗುರಿಯನ್ನೇ ತಪ್ಪಿದ್ದರೆ ಅಂಕ 35ಕ್ಕೆ, ಹಿಟ್ ಫ್ಯಾಕ್ಟರ್ 4.375ಕ್ಕೆ ಕುಸಿಯುತ್ತಿತ್ತು. ಬರೀ ವೇಗ ನೆಚ್ಚಿಕೊಂಡವರು ದೊಡ್ಡ ಪಂದ್ಯಗಳಲ್ಲಿ ಹಿಂದೆ ಬೀಳುವುದು ಹೀಗೆ.

ಬಲವನ್ನೂ ಅಳೆಯುತ್ತಾರೆ. ಗ್ರೇನ್‌ನಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಅಡಿಗಳಲ್ಲಿ ಅದರ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ ಪ್ರೊಡಕ್ಷನ್ ವಿಭಾಗದಲ್ಲಿ ಕನಿಷ್ಠ 125 ಬರಬೇಕು. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130 ಬರುತ್ತದೆ. ಪಂದ್ಯದ ನಡುವೆಯೇ ಗುಂಡುಗಳ ಮಾದರಿ ತೆಗೆದುಕೊಂಡು ಪರೀಕ್ಷಿಸುತ್ತಾರೆ. ಅದರಲ್ಲಿ ಸೋತವರಿಗೆ ಅಂಕವೇ ಇಲ್ಲ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಪಿಸ್ತೂಲಿನ ಬಾಯಿ ಗೊತ್ತುಪಡಿಸಿದ ಕೋನ ದಾಟಿ ಹಿಂದಕ್ಕೆ ತಿರುಗಿದರೆ, ಆಯುಧ ಕೈಜಾರಿ ಬಿದ್ದರೆ, ಅಕಸ್ಮಾತ್ ಗುಂಡು ಹಾರಿದರೆ ಸ್ಪರ್ಧಿ ಇಡೀ ಪಂದ್ಯದಿಂದಲೇ ಹೊರಗೆ. ಸರದಿ ಇಲ್ಲದಾಗ ಪಿಸ್ತೂಲು ಖಾಲಿ ಇರಬೇಕು. ಅದನ್ನು ಮುಟ್ಟಿ ನೋಡಬೇಕೆಂದರೆ ಸುರಕ್ಷತಾ ಜಾಗಕ್ಕೇ ಹೋಗಬೇಕು, ಅಲ್ಲಿ ಗುಂಡನ್ನು ಮುಟ್ಟುವಂತಿಲ್ಲ.

ಈ ಕ್ರೀಡೆಯಲ್ಲಿ ಹೆಚ್ಚು ಬಳಕೆಯಾಗುವ 9 ಮಿ.ಮೀ. ಪಿಸ್ತೂಲು ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್‌ನದು. ಆಯುಧಗಳ ಕಾಯ್ದೆ 1959ರದು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕರ್ನಾಟಕದಲ್ಲಿ ಕೋವಿಯ ಬಳಕೆ ಹಳೆಯದಾದರೂ ಅದರ ರೀತಿ ಬೇರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಿರೇಗುತ್ತಿ ಮೊದಲಾದ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಊರುಗಳಲ್ಲಿ ಲೈಸೆನ್ಸಿನ ಕೋವಿ ಮುಖ್ಯವಾಗಿ ತೋಟ-ಗದ್ದೆಗೆ ನುಗ್ಗುವ ಹಂದಿ, ಮಂಗಗಳಿಂದ ಬೆಳೆ ಕಾಯಲು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ.

9 ಮಿ.ಮೀ. ಪಿಸ್ತೂಲಿಗೆ ನಿಷೇಧ ಇರುವುದರಿಂದ ಕನ್ನಡ ನಾಡಿನ ಪಿಸ್ತೂಲು ಸ್ಪರ್ಧಿಗಳು ಅಂತರರಾಷ್ಟ್ರೀಯ ಕಣ ಕಂಡದ್ದು ಹೆಚ್ಚಾಗಿ ಒಲಿಂಪಿಕ್ ಮಾದರಿಯ ಮೂಲಕ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು; 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಸ್ಪರ್ಧಿಸಿದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ, ಅದೇ ವರ್ಷ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. ಒಲಿಂಪಿಕ್ ಸ್ಪರ್ಧೆಗಳ ಪೈಕಿ ಪ್ರಾಯೋಗಿಕ ಶೂಟಿಂಗಿಗೆ ಹೆಚ್ಚು ಹತ್ತಿರವಾದದ್ದು ಐದು ಗುರಿಗಳಿಗೆ 8, 6, 4 ಸೆಕೆಂಡುಗಳಲ್ಲಿ ಹೊಡೆಯುವ 25 ಮೀಟರ್ ರ‍್ಯಾಪಿಡ್ ಫೈರ್. ಪ್ರಾಯೋಗಿಕ ಶೂಟಿಂಗ್ ಒಲಿಂಪಿಕ್ಸ್‌ಗೆ ಸೇರಿಲ್ಲ.